ರಸಮಂಜರಿಯಲ್ಲಿ ಗಿಟಾರ್ ನುಡಿಸಿದೋರು ಯಾರಾದ್ರೂ ಇದ್ದೀರಾ? ಹಾಡು ನಿಮಗೆ ಹೇಗೆ ನೆನಪಿದೆ?

ಹಿಂದಿನ_ಸಾಲು (ತುಮಕೂರು):
ತೊಂಬತ್ತರ ದಶಕದಲ್ಲಿ ತುಮಕೂರು, ಗುಬ್ಬಿ, ಶಿರಾ, ಮಧುಗಿರಿ ಸುತ್ತಮುತ್ತ ಗಣೇಶನ ಪೆಂಡಾಲಲ್ಲೋ ರಾಜ್ಯೋತ್ಸವದ ವೇದಿಕೆಯಲ್ಲೋ ರಸಮಂಜರಿ ನೋಡಿದೋರು ಇಲ್ಲಿ ಇದ್ದೇ ಇರ್ತೀರ. ಹಿಂದೆ ಡೋಲಕ್ ಪಕ್ಕ ತಲೆ ತಗ್ಗಿಸಿ ಗಿಟಾರ್ ನುಡಿಸ್ತಾ ಒಬ್ಬ ನಿಂತಿರ್ತಿದ್ನಲ್ಲ, ಅವನು ನಾನಿರಬಹುದು. ರಾಗ ನುಡಿಸೋ ಲೀಡ್ ಅಲ್ಲ, ತಾಳಕ್ಕೆ ಕಾರ್ಡ್ (ಒಟ್ಟಿಗೆ ನುಡಿಸೋ ಸ್ವರಗಳು) ಹೊಡೆಯೋ ರಿದಂ. ಲೀಡ್‌ನೋನ ಹೆಸರು ಮೈಕಲ್ಲಿ ಕೂಗ್ತಿದ್ರು, ಅವನಿಗೆ ಶಿಳ್ಳೆ ಬೀಳೋದು. ರಿದಂನೋನು ಕೈ ನಿಲ್ಲಿಸಿದಾಗ ಮಾತ್ರ ಜನಕ್ಕೆ ಏನೋ ಕಮ್ಮಿ ಆಯ್ತಲ್ಲ ಅನ್ಸೋದು. ಏನು ಕಮ್ಮಿ ಆಯ್ತು ಅಂತ ಗೊತ್ತಾಗ್ತಿರ್ಲಿಲ್ಲ.

ವಿಷಯಕ್ಕೆ ಬರ್ತೀನಿ. ಮೊನ್ನೆ ಬೆಂಗಳೂರಿಂದ ಬರೋವಾಗ ದಾಬಸ್‌ಪೇಟೆ ದಾಟಿದ ಮೇಲೆ ಬಸ್ಸಲ್ಲಿ ಒಂದು ಹಳೇ ಹಾಡು ಹಾಕಿದ್ರು. ನಾನು ಯಾವುದೋ ಯೋಚನೇಲಿದ್ದೆ. ನೋಡಿದ್ರೆ ಎಡಗೈ ಬ್ಯಾಗಿನ ಹಿಡಿ ಮೇಲೆ ಎ ಮೈನರ್ ಕಾರ್ಡ್ ಹಿಡಿದು ಕೂತಿದೆ. ಆಮೇಲೆ ಎಫ್‌ಗೆ ಹೋಗೋವಾಗ ತೋರುಬೆರಳು ತಾನೇ ಅಡ್ಡ ಮಲಗ್ತು. ಯಾವ ಚಿತ್ರದ್ದು? ಗೊತ್ತಿಲ್ಲ. ಸಾಹಿತ್ಯ? ಪಲ್ಲವಿಯ ಎರಡನೇ ಸಾಲೇ ಬರಲ್ಲ. ಆದ್ರೆ ಮೊದಲನೇ ಚರಣ ಮುಗಿದ ಮೇಲೆ ಒಂದು ಬಾರ್ (ತಾಳದ ಒಂದು ಸುತ್ತು) ಜಾಸ್ತಿ ಇದೆ, ಹೊಸಬರು ಅಲ್ಲೇ ಮುಗ್ಗರಿಸ್ತಾರೆ ಅನ್ನೋದು ಮಾತ್ರ ಇವತ್ತಿಗೂ ಗೊತ್ತು.

ನಮ್ಮನೆಯವ್ರಿಗೆ ಅದೇ ಹಾಡು ಅಂದ್ರೆ ಯಾವ ಥಿಯೇಟರು, ಯಾರ ಜೊತೆ ಹೋಗಿದ್ದು, ಇಂಟರ್‌ವೆಲ್‌ನಲ್ಲಿ ಏನು ತಿಂದಿದ್ದು, ಎಲ್ಲಾ ನೆನಪಿದೆ. ನನಗೆ ಹಾಡು ಅಂದ್ರೆ ಬಲಗೈ ಅಷ್ಟೇ. ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ. ಅಷ್ಟು ವರ್ಷ ನುಡಿಸಿದ ಹಾಡುಗಳನ್ನ ನಾನು ಕೇಳೇ ಇಲ್ವೇನೋ ಅನ್ಸಕ್ಕೆ ಶುರುವಾಗಿದೆ. ನಿಮಗೂ ಹೀಗೇನಾ? ನುಡಿಸಿದೋರು ಹೇಳಿ.

ಇನ್ನೊಂದು. ಗಿಟಾರು ಅಟ್ಟದ ಮೇಲಿತ್ತು, ಇಳಿಸಿದೆ. ತಂತಿ ಸಿಕ್ಕಿಸೋ ಪಟ್ಟಿ, ಬ್ರಿಡ್ಜ್, ಅದರ ಹಿಂಬದಿ ಎದ್ದಿದೆ, ಎಟಿಎಂ ಕಾರ್ಡ್ ತೂರತ್ತೆ. ಹನ್ನೆರಡನೇ ಫ್ರೆಟ್ (ಕುತ್ತಿಗೆ ಮೇಲಿನ ಲೋಹದ ಮೆಟ್ಟಿಲು) ಹತ್ರ ತಂತಿ ಕೆಳಗೆ ಕಿರುಬೆರಳೇ ಹೋಗತ್ತೆ. ಬೆಂಗಳೂರಲ್ಲಿ ಒಂದು ಅಂಗಡೀಲಿ ಕೇಳಿದ್ರೆ "ಇದಕ್ಕೆ ಹಾಕೋ ದುಡ್ಡಿಗೆ ಹೊಸದೇ ಬರತ್ತೆ ಸಾರ್" ಅಂದ. ಮಗಳೂ ಅದನ್ನೇ ಅಂತಾಳೆ. ರಿಪೇರಿ ಮಾಡಿಸ್ಲಾ, ಬಿಡ್ಲಾ?

ಶಿರಾಗೇಟ್_ಸೀನ:
ಕಿರುಬೆರಳು ಹೋಗತ್ತಾ? ಅದು ಗಿಟಾರಲ್ಲ ಅಣ್ಣ, ಬಟ್ಟೆ ಒಣಗಾಕೋ ತಂತಿ.

ಕೀಬೋರ್ಡ್_ಕಿಟ್ಟಿ:
ಅಣ್ಣ, ಬೇಜಾರು ಮಾಡ್ಕೋಬೇಡಿ. ರಿದಂ ಗಿಟಾರ್ ನಿಂತ್ರೆ ಏನೋ ಕಮ್ಮಿ ಆಗ್ತಿತ್ತು ಅಂತ ನಿಮಗೆ ಅನ್ಸಿರತ್ತೆ. ನಾವು ಎಡಗೈಯಲ್ಲಿ ಕಾರ್ಡ್ಸ್, ಬಲಗೈಯಲ್ಲಿ ಬಿಜಿಎಂ (ಸಾಲುಗಳ ನಡುವಿನ ಸಂಗೀತ), ನಡುವೆ ಪಿಟೀಲು, ಕೊಳಲು, ಶಹನಾಯಿ ಎಲ್ಲಾ ಒಂದೇ ಪೆಟ್ಟಿಗೇಲಿ ಕೊಡ್ತಿದ್ವಿ. ನಿಮ್ಮ ಜ್ಯಾಕ್ ಕಿತ್ತು ಬಂದಿದ್ರೂ ಯಾರಿಗೂ ಗೊತ್ತಾಗ್ತಿರ್ಲಿಲ್ಲ 😄

ಹಿಂದಿನ_ಸಾಲು:
@ಕೀಬೋರ್ಡ್_ಕಿಟ್ಟಿ ಜನರೇಟರ್ ಒಂದ್ಸಲ ಕೆಮ್ಮಿದ್ರೆ ನಿಮ್ಮ ಪೆಟ್ಟಿಗೆ ಆಫ್ ಆಗಿ ಆನ್ ಆಗೋದು, ಶಹನಾಯಿ ಹೋಗಿ ಪಿಯಾನೊ ಬಂದು ಕೂರೋದು. ಆವಾಗ ನೀವು ಬಟನ್ ಹುಡುಕೋವರೆಗೆ ಹಾಡು ನಡೆಸ್ತಿದ್ದೋನು ಯಾರಪ್ಪ?

ಕೀಬೋರ್ಡ್_ಕಿಟ್ಟಿ:
ಡೋಲಕ್‌ನೋನು.

ಶಿರಾಗೇಟ್_ಸೀನ:
😂😂 ಕಿಟ್ಟಿ ಗೆದ್ದ.

ಚಿಂತಾಮಣಿ_ಮೇಷ್ಟ್ರು:
ಚರ್ಚೆ ಚೆನ್ನಾಗಿದೆ. ಆದರೆ ಒಂದು ಮಾತು. ಎ ಮೈನರ್ ಹಿಡಿದೆ ಅಂದಿರಿ. ನಮ್ಮ ಪದ್ಧತಿಯಲ್ಲಿ ಅದು ಕೀರವಾಣಿ. ನೀವು ರಾಗ ಅಂತ ಗುರುತಿಸಿಕೊಂಡಿದ್ದರೆ ಹಾಡು ಪೂರ್ತಿ ನೆನಪಿರುತ್ತಿತ್ತು. ಬೆರಳಿನ ಲೆಕ್ಕದಲ್ಲಿ ಕಲಿತವರಿಗೆ ಬೆರಳೇ ಉಳಿಯುತ್ತದೆ. ನಮ್ಮಲ್ಲಿ ಮೊದಲು ಬಾಯಿಪಾಠ, ಆಮೇಲೆ ವಾದ್ಯ.

ಮೈನಸ್_ಒನ್:
ಮೇಷ್ಟ್ರೇ, ಎ ಮೈನರ್ ಅನ್ನೋದು ಬರೀ ಒಂದು ಕಾರ್ಡ್, ಮೂರು ಸ್ವರ. ಅದು ಯಾವ ರಾಗ ಅಂತ ಹೇಳಕ್ಕಾಗಲ್ಲ. ಸ್ಕೇಲ್ ಅಂತ ತಗೊಂಡ್ರೂ ನ್ಯಾಚುರಲ್ ಮೈನರ್‌ಗೆ ನಠಭೈರವಿ, 20ನೇ ಮೇಳ (ಮೂಲರಾಗ). ಕೀರವಾಣಿ 21ನೇದು, ಹಾರ್ಮೋನಿಕ್ ಮೈನರ್. ಅಲ್ಲಿ ನಿಷಾದ ಕಾಕಲಿ, ಅಂದ್ರೆ ಅರ್ಧ ಸ್ವರ ಮೇಲೆ. ಅಣ್ಣ ಎಫ್ ಆದ್ಮೇಲೆ ಜಿ ಮೇಜರ್ ಹಿಡಿದಿದ್ರೆ ನಠಭೈರವಿ ಕಡೆ, ಇ ಮೇಜರ್ ಹಿಡಿದಿದ್ರೆ ನೀವು ಹೇಳಿದ ಕೀರವಾಣಿ ಕಡೆ.

ಹಿಂದಿನ_ಸಾಲು:
ಎರಡೂ ಹಿಡಿದ ನೆನಪು. ಪಲ್ಲವೀಲಿ ಜಿ, ಚರಣ ಮುಗಿಸೋವಾಗ ಇ.

ಚಿಂತಾಮಣಿ_ಮೇಷ್ಟ್ರು:
ಮೈನಸ್ ಒನ್ ಹೇಳಿದ್ದು ಸರಿ, ಒಪ್ಪಿದೆ. ಆದರೆ ಇದೇ ನನ್ನ ತಕರಾರು ಕೂಡ. ಪಲ್ಲವಿಗೆ ಒಂದು, ಚರಣಕ್ಕೆ ಒಂದು. ಸಿನಿಮಾದವರಿಗೆ ರಾಗದ ಮೇಲೆ ನಿಲ್ಲುವ ವ್ಯವಧಾನವೇ ಇಲ್ಲ.

ನರ_ನಾಡಿ (ಕೋಲಾರ):
ನಾನು ಫಿಸಿಯೋಥೆರಪಿಸ್ಟ್, ಸಂಗೀತ ಗೊತ್ತಿಲ್ಲ. ಆದ್ರೆ ಹಿಂದಿನ ಸಾಲು ಸರ್ ಹೇಳಿದ್ದನ್ನ ದಿನಾ ನೋಡ್ತೀನಿ. ಕೈಗೆ ನೆನಪು ಅಂತ ನಾವು ಹೇಳೋದು ಮಾತಿಗೆ. ಎಲ್ಲಾ ಮೆದುಳಲ್ಲೇ ಇರೋದು, ಬೇರೆ ಬೇರೆ ಜಾಗದಲ್ಲಿ. ಯಾವ ಥಿಯೇಟರು, ಯಾರ ಜೊತೆ ಅನ್ನೋ ಥರದ ನೆನಪಿಗೆ ಹಿಪೊಕ್ಯಾಂಪಸ್ ಬೇಕು. ಮಾಡಿ ಮಾಡಿ ಒಗ್ಗಿದ ಕೆಲಸಕ್ಕೆ ಸೆರೆಬೆಲ್ಲಮ್, ಬೇಸಲ್ ಗ್ಯಾಂಗ್ಲಿಯಾ ಸಾಕು.

ಅಮೆರಿಕದ ಹೆನ್ರಿ ಮೊಲೈಸನ್ ಅನ್ನೋರಿಗೆ ಫಿಟ್ಸ್ ವಾಸಿ ಮಾಡೋಕೆ 1953ರಲ್ಲಿ ಮೆದುಳಿನ ಆಪರೇಷನ್ ಮಾಡಿದ್ರು. ಆಮೇಲೆ ಅವರಿಗೆ ಹೊಸದು ಏನೂ ನೆನಪು ನಿಲ್ತಿರ್ಲಿಲ್ಲ. ಬ್ರೆಂಡಾ ಮಿಲ್ನರ್ ಅನ್ನೋ ವಿಜ್ಞಾನಿ ಅವರಿಗೆ ಕನ್ನಡಿಯಲ್ಲಿ ನೋಡ್ಕೊಂಡು ನಕ್ಷತ್ರದ ಗೆರೆ ಎಳೆಯೋ ಕೆಲಸ ಕೊಟ್ರು. ದಿನದಿಂದ ದಿನಕ್ಕೆ ಕೈ ಪಳಗ್ತಾ ಹೋಯ್ತು. ಆದ್ರೆ ಪ್ರತಿ ಸಲವೂ ಅವರಿಗೆ ಅದು ಹೊಸ ಕೆಲಸವೇ. ಇಂಗ್ಲೆಂಡಿನ ಸಂಗೀತಗಾರ ಕ್ಲೈವ್ ವೇರಿಂಗ್ ಅವರ ಕಥೆ ಇನ್ನೂ ಹತ್ತಿರದ್ದು. 1985ರಲ್ಲಿ ಮೆದುಳಿಗೆ ಸೋಂಕಾಗಿ ನಿಮಿಷದ ಹಿಂದಿನದೂ ಉಳೀತಿರ್ಲಿಲ್ಲ, ಆದ್ರೂ ಪಿಯಾನೊ ಮುಂದೆ ಕೂರಿಸಿದ್ರೆ ನುಡಿಸ್ತಿದ್ರು. ನಿಮ್ಮದು ರೋಗ ಅಲ್ಲ ಸರ್, ಹೆದರ್ಕೋಬೇಡಿ. ಎರಡು ಬೇರೆ ಬೇರೆ ನೆನಪು, ಅಷ್ಟೇ.

ಹಿಂದಿನ_ಸಾಲು:
ಥ್ಯಾಂಕ್ಸ್ ಮೇಡಂ. ಒಂದು ಅನುಮಾನ. ಗಿಟಾರ್ ತೊಡೆ ಮೇಲಿಟ್ಕೊಂಡು "ಆ ಹಾಡು ನುಡಿಸೋಣ" ಅಂತ ಕೂತ್ರೆ ಏನೂ ಬರಲ್ಲ, ಕೈ ಸುಮ್ನೆ ಇರತ್ತೆ. ಮೊಬೈಲಲ್ಲಿ ಹಾಡು ಹಾಕಿದ್ರೆ ಓಡತ್ತೆ. ಅದೂ ಪಲ್ಲವಿಯಿಂದಾನೇ ಹಾಕಬೇಕು, ಚರಣದಿಂದ ಶುರು ಮಾಡಿದ್ರೆ ಇಲ್ಲ.

ನರ_ನಾಡಿ:
ಅದೂ ಹಾಗೇ ಸರ್. ಒಂದರ ಹಿಂದೆ ಒಂದು ಸರಪಳಿ ಥರ ಕಲಿತಿದ್ದು, ಹಿಂದಿನ ಕೊಂಡಿ ಬಂದ್ರೇನೇ ಮುಂದಿನದು ಬರತ್ತೆ. ಪಾರ್ಶ್ವವಾಯು ಆದೋರಲ್ಲಿ ಮಾತು ನಿಂತುಹೋಗಿ ಹಾಡು ಮಾತ್ರ ಬರೋರನ್ನ ನಾನೇ ನೋಡಿದ್ದೀನಿ. "ನೀರು ಬೇಕು" ಅನ್ನೋಕಾಗಲ್ಲ, ದೇವರನಾಮ ಪೂರ್ತಿ ಹೇಳ್ತಾರೆ. ನಡುವೆ ನಿಲ್ಲಿಸಿದ್ರೆ ಮತ್ತೆ ಮೊದಲಿಂದ.

ಹಳೇ_ಕ್ಯಾಸೆಟ್ (ಚಿಕ್ಕಬಳ್ಳಾಪುರ):
ನನ್ನ ಕಥೆ ಬೇರೆ. ನಾನು ವೇದಿಕೆ ಹತ್ತಿಲ್ಲ, ರೂಮಲ್ಲಿ ಕೂತು ಟೇಪ್‌ರೆಕಾರ್ಡರ್ ಕೇಳಿ ಕಲಿತೋನು. ಒಂದು ಸಾಲು ಕೇಳೋದು, ರಿವೈಂಡ್, ಮತ್ತೆ ಕೇಳೋದು. ಆ ಬಟನ್ ಒತ್ತಿ ಒತ್ತಿ ರಿವೈಂಡ್ ಹೋಗಿ, ಕೊನೆಗೆ ರೆನಾಲ್ಡ್ಸ್ ಪೆನ್ನಲ್ಲಿ ರೀಲ್ ತಿರುಗಿಸ್ತಿದ್ದೆ. ನನಗೆ ಹಾಡು ಅಂದ್ರೆ ಕೈಯಲ್ಲ, ಸ್ಕೇಲು, ಅಂದ್ರೆ ಶ್ರುತಿ. ಯಾವುದಾದ್ರೂ ಹಳೇ ಹಾಡು ಇವತ್ತು ಮೊಬೈಲಲ್ಲಿ ಬಂದ್ರೆ "ಇದು ಮೇಲಿದೆ" ಅಂತ ತಕ್ಷಣ ಅನ್ಸತ್ತೆ.

ಯಾಕೆ ಅಂತ ಆಮೇಲೆ ಗೊತ್ತಾಯ್ತು. ನಮ್ಮದು ಬ್ಯಾಟರಿ ಟೇಪು. ಸೆಲ್ಲು ಇಳೀತಿದ್ದಂಗೆ ಮೋಟರ್ ನಿಧಾನ ಆಗೋದು. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂ.ಮೀ. ಓಡಬೇಕು, ಅದರಲ್ಲಿ ಶೇ. 6 ಕಮ್ಮಿಯಾದ್ರೆ ಹಾಡು ಹೆಚ್ಚುಕಮ್ಮಿ ಅರ್ಧ ಸ್ವರ ಇಳಿಯತ್ತೆ. ನಾನು ಕಲಿತ ಹಾಡೆಲ್ಲಾ ಸೆಲ್ಲು ಮುಗಿಯೋ ಹೊತ್ತಿನ ಹಾಡುಗಳು.

ಮೈನಸ್_ಒನ್:
ಇದು ಸೂಪರ್. ಡೇನಿಯಲ್ ಲೆವಿಟಿನ್ 1994ರಲ್ಲಿ ಇದರ ಮೇಲೇ ಪರೀಕ್ಷೆ ಮಾಡಿದ್ರು. ಸಂಗೀತದೋರನ್ನೇ ಆರಿಸಿಕೊಳ್ಳದೆ ಸಾಮಾನ್ಯ ವಿದ್ಯಾರ್ಥಿಗಳಿಗೆ ನಿಮಗಿಷ್ಟವಾದ ಹಾಡು ನೆನಪಿಂದ ಹಾಡಿ ಅಂದ್ರೆ, ಹತ್ತರಲ್ಲಿ ನಾಲ್ಕು ಜನ ಎರಡು ಪ್ರಯತ್ನದಲ್ಲಿ ಒಂದು ಸಲನಾದ್ರೂ ರೆಕಾರ್ಡಿನ ಸ್ವರಕ್ಕೇ ಸರಿಯಾಗಿ ಹಾಡಿದ್ರಂತೆ. ಅಂದ್ರೆ ಸ್ಕೇಲ್ ನೆನಪಿರೋದು ದೊಡ್ಡ ವಿದ್ವಾಂಸರಿಗೆ ಮಾತ್ರ ಅಲ್ಲ.

ಶಿರಾಗೇಟ್_ಸೀನ:
ನಮ್ಮ ಮನೆ ಬಾತ್‌ರೂಮ್ ಹತ್ರ ಬಂದು ಪರೀಕ್ಷೆ ಮಾಡಕ್ಕೆ ಹೇಳಿ ಅವರಿಗೆ.

ತಿಪಟೂರು_ತಂತಿ:
ಮೊದಲು ಗಿಟಾರ್ ವಿಷಯ, ನೆನಪು ಗಿನಪು ಆಮೇಲೆ. @ಹಿಂದಿನ_ಸಾಲು ಅಣ್ಣ, ಇವತ್ತು ರಾತ್ರಿಯೇ ತಂತಿ ಸಡಿಲ ಮಾಡಿ. ಉಕ್ಕಿನ ತಂತಿ ಆರೂ ಸೇರಿ ಹೆಚ್ಚುಕಮ್ಮಿ 70 ಕೆ.ಜಿ. ಎಳೀತಾವೆ. ಎದ್ದಿರೋ ಬ್ರಿಡ್ಜ್ ಒಂದಿನ ರಾತ್ರಿ ಪಟಾರ್ ಅಂತ ಹಾರತ್ತೆ, ಮೇಲ್ಪದರದ ಮರದ ಸಿಪ್ಪೆ ಕಿತ್ಕೊಂಡು ಹೋಗತ್ತೆ. ಆಮೇಲೆ ರಿಪೇರಿ ಕಷ್ಟ.

ಎರಡು ಪ್ರಶ್ನೆ. ಅಟ್ಟ ಶೀಟಿನ ಕೆಳಗಿದೆಯಾ? ಹಂಗಿದ್ರೆ ಏಪ್ರಿಲ್ ಬಿಸಿಲಿಗೆ ಅಂಟು ಮೆತ್ತಗಾಗಿದೆ, ಅದೇ ಕಾರಣ. ಮತ್ತೆ, ನಿಮ್ಮದು ಅಗಲ ಕುತ್ತಿಗೆಯ ನೈಲಾನ್ ಗಿಟಾರಿಗೆ ಉಕ್ಕಿನ ತಂತಿ ಹಾಕಿದ್ದಾ? ನಮ್ಮ ಕಡೆ ಸೌಂಡ್ ಜೋರು ಬರ್ಲಿ ಅಂತ ಎಲ್ಲರೂ ಹಾಕಿಸ್ತಿದ್ರು. ನೈಲಾನ್ ಎಳೆಯೋದು 40 ಕೆ.ಜಿ. ಆಸುಪಾಸು, ಅದಕ್ಕೆ ತಕ್ಕಂಗೆ ಒಳಗಿನ ಪಟ್ಟಿಗಳು ತೆಳ್ಳಗಿರ್ತವೆ. ಅಂಥದ್ದಾದ್ರೆ ಬರೀ ಬ್ರಿಡ್ಜ್ ಅಂಟಿಸಿ ಉಪಯೋಗ ಇಲ್ಲ, ಹೊಟ್ಟೇನೇ ಉಬ್ಬಿರತ್ತೆ. ಸ್ಕೇಲ್ ಪಟ್ಟಿ ಅಡ್ಡ ಇಟ್ಟು ಬ್ರಿಡ್ಜಿನ ಹಿಂದೆ ಎಷ್ಟು ಉಬ್ಬಿದೆ ನೋಡಿ.

ಹಿಂದಿನ_ಸಾಲು:
ಶೀಟಿನ ಕೆಳಗೇ. ಗಿಟಾರು ಉಕ್ಕಿನ ತಂತೀದೇ, ನೈಲಾನ್ ಅಲ್ಲ. ಪಟ್ಟಿ ಇಟ್ಟೆ, ಸ್ವಲ್ಪ ಉಬ್ಬಿದೆ, ಜಾಸ್ತಿ ಇಲ್ಲ. ತಂತಿ ಸಡಿಲ ಮಾಡಿದೆ. ಎರಡನೇ ತಂತಿ ಮಾಡೋವಾಗಲೇ ಕಿತ್ತು ಕೈಗೆ ಹೊಡೀತು.

ತಿಪಟೂರು_ತಂತಿ:
ಹಳೇ ತಂತಿ ಹಂಗೇ. ಹೊಸದು 10ರ ತೆಳು ಸೆಟ್ ಹಾಕಿ, ದಪ್ಪ 12 ಬೇಡ, ವಯಸ್ಸಾದ ಗಿಟಾರಿಗೂ ವಯಸ್ಸಾದ ಬೆರಳಿಗೂ ಅದೇ ಒಳ್ಳೇದು. ಅಂಟಿಸೋ ವಿಚಾರಕ್ಕೆ ಬಂದ್ರೆ: ಸೂಪರ್ ಗ್ಲೂ ಮುಟ್ಟಲೇಬೇಡಿ. ಬಿಸಿ ಮಾಡಿ ಬ್ರಿಡ್ಜ್ ಪೂರ್ತಿ ತೆಗೀಬೇಕು, ಹಳೇ ಅಂಟು ಕೆರೆದು ಮರಕ್ಕೆ ಮರ ಕೂರೋ ಹಂಗೆ ಮಾಡ್ಬೇಕು, ಮರಗೆಲಸದ ಅಂಟು ಹಚ್ಚಿ ಕ್ಲ್ಯಾಂಪ್ ಹಾಕಿ ಒಂದು ದಿನ ಪೂರ್ತಿ ಬಿಡಬೇಕು. ಅರ್ಧ ಎದ್ದಿರೋ ಸಂದಿಗೆ ಅಂಟು ತುರುಕಿ ಒತ್ತೋನು ಸಿಕ್ಕಿದ್ರೆ ವಾಪಸ್ ಬನ್ನಿ. ಎಲ್ಲಾ ಆದ್ಮೇಲೆ ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿ ಎರಡೂವರೆ ಮಿ.ಮೀ., ಸಣ್ಣ ತಂತಿ ಎರಡು ಮಿ.ಮೀ. ಇದ್ರೆ ಬೆಣ್ಣೆ. ಹೊಸದು ತಗೊಳ್ಳಿ ಅನ್ನೋ ಅಂಗಡಿಯವನಿಗೆ ಹೊಸದು ಮಾರೋದೇ ಕೆಲಸ.

ಮೈನಸ್_ಒನ್:
ನಾನು ಹೊಸದೇ ತಗೊಳ್ಳಿ ಅಂತೀನಿ. ಹತ್ತು ಸಾವಿರದ ಒಳಗೆ ಇವತ್ತು ಸಿಗೋ ಗಿಟಾರ್ ಅವತ್ತಿನ ಯಾವ ಗಿಟಾರಿಗಿಂತಲೂ ಸರಿಯಾದ ಸ್ವರ ಕೊಡತ್ತೆ. ಹಳೇದನ್ನ ಗೋಡೆಗೆ ಹಾಕಿ.

ತಿಪಟೂರು_ತಂತಿ:
ಗೋಡೆಗೆ ಹಾಕೋಕೆ ಕ್ಯಾಲೆಂಡರ್ ಇದೆ ತಮ್ಮ.

ರಾಬರ್ಟ್‌ಸನ್‌ಪೇಟೆ:
ಗೋಡೆ ಅಂದ್ರಲ್ಲ, ನಮ್ಮ ಕೆಜಿಎಫ್ ಕಥೆ ಹೇಳ್ತೀನಿ ಕೇಳಿ. ನಿಮ್ಮ ಕಡೆ ಗಿಟಾರು ಸಿನಿಮಾದಿಂದ ಬಂತು, ನಮ್ಮಲ್ಲಿ ಗಣಿಯಿಂದ. ಆಂಗ್ಲೋ ಇಂಡಿಯನ್ ಮನೆಗಳು, ಚರ್ಚ್, ಕ್ಲಬ್ ಡ್ಯಾನ್ಸು. ನಮ್ಮ ಬೀದೀಲಿ ತಮಿಳು, ತೆಲುಗು, ಕನ್ನಡ, ಇಂಗ್ಲಿಷು ನಾಲ್ಕೂ ನಡೀತಿತ್ತು, ಗಿಟಾರ್ ಮಾತ್ರ ಇಂಗ್ಲಿಷಲ್ಲೇ ಕಲಿಯೋದು. ನನಗೆ ಕಲಿಸಿದ ಅಂಕಲ್ ಚಾಂಪಿಯನ್ ರೀಫ್‌ನಲ್ಲಿ ಕೆಲಸ. ಮೂರು ಕಿಲೋಮೀಟರಿಗಿಂತ ಆಳ ಹೋಗಿದ್ದ ಗಣಿ ಅದು. ಶಿಫ್ಟ್ ಮುಗಿಸಿ, ಸ್ನಾನ ಮಾಡಿ, ಬಿಳೀ ಶರಟು ಹಾಕ್ಕೊಂಡು ಮೆಟ್ಟಿಲ ಮೇಲೆ ಕೂತು ಪಾಠ. ಕಾರ್ಡ್ ಹಿಡಿಯೋಕೆ ಮುಂಚೆ ಆ ಹಾಡಿನ ಬೇಸ್ ಬಾಯಲ್ಲಿ ಹಾಡಬೇಕು, ಇಲ್ಲಾಂದ್ರೆ ಗಿಟಾರ್ ಕೈಗೆ ಕೊಡ್ತಿರ್ಲಿಲ್ಲ. ಅದಕ್ಕೇ ನನಗೆ ಇವತ್ತಿಗೂ ಹಾಡು ನೆನಪಿರೋದು ಕೆಳಗಿನ ಸ್ವರಗಳಲ್ಲಿ. ದುಂ... ದುಂ... ಅಂತ. ಮೇಷ್ಟ್ರು ಹೇಳಿದ ಬಾಯಿಪಾಠ ನಮ್ಮಲ್ಲೂ ಇತ್ತು, ರಾಗದ್ದಲ್ಲ ಅಷ್ಟೇ.

ಅವರ ಗಿಟಾರು ಗೋಡೆಗೆ ನೇತಾಕಿರ್ತಿತ್ತು. ಗಣಿ ಒಳಗೆ ಏರ್‌ಬ್ಲಾಸ್ಟ್ ಆದ್ರೆ, ಅಂದ್ರೆ ಆಳದಲ್ಲಿ ಬಂಡೆ ಒತ್ತಡ ತಾಳದೆ ಸಿಡಿದ್ರೆ, ಮೇಲೆ ಮನೆಗಳೆಲ್ಲಾ ಅಲ್ಲಾಡೋವು. ಪಾತ್ರೆ ಸದ್ದಾಗೋಕೆ ಮುಂಚೆ ಆ ಗಿಟಾರು ತಾನಾಗೇ ಝುಂ ಅನ್ನೋದು. ಆಂಟಿ ಮೊದಲು ಗಿಟಾರ್ ನೋಡೋರು, ಆಮೇಲೆ ಗಡಿಯಾರ ನೋಡೋರು, ಅಂಕಲ್ ಯಾವ ಶಿಫ್ಟಲ್ಲಿದ್ದಾರೆ ಅಂತ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎಷ್ಟೋ ಮನೆ ಖಾಲಿಯಾದ್ವು. ಇರೋರು ಬೆಳಗಿನ ಮಾರಿಕುಪ್ಪಂ ಟ್ರೈನ್ ಹತ್ತಿ ಬೆಂಗಳೂರಿಗೆ ಕೆಲಸಕ್ಕೆ. ನಾನೂ ಅದರಲ್ಲೇ ಹೋಗ್ತಿದ್ದೋನು.

ಹಳೇ_ಕ್ಯಾಸೆಟ್:
ಝುಂ ಅನ್ನೋದು ಓದಿ ಮೈ ಜುಂ ಅಂತು.

ನರ_ನಾಡಿ:
ನಮ್ಮ ತಾತನೂ ಕೆಜಿಎಫ್‌ನ ಮೈಸೂರ್ ಮೈನ್‌ನಲ್ಲಿದ್ರು. ಏರ್‌ಬ್ಲಾಸ್ಟ್ ಅನ್ನೋ ಪದ ಎಷ್ಟೋ ವರ್ಷ ಆದ್ಮೇಲೆ ಓದ್ತಿದ್ದೀನಿ.

ಚಿಂತಾಮಣಿ_ಮೇಷ್ಟ್ರು:
ಅಂಕಲ್ ವಿಷಯ ಓದಿ ಸಂತೋಷ. ಬಾಯಲ್ಲಿ ಬಂದದ್ದೇ ಕೈಯಲ್ಲಿ ನಿಲ್ಲುವುದು. ಆದರೂ ಗಿಟಾರ್ ಮೇಲೆ ನನ್ನ ಆಕ್ಷೇಪಣೆ ಹಾಗೇ ಇದೆ. ಗಮಕ, ಅಂದರೆ ಸ್ವರವನ್ನು ತೂಗಿ ಜಾರಿಸುವುದು, ಬರುವುದಿಲ್ಲ. ವೀಣೆಯಲ್ಲಿ 24 ಮೆಟ್ಟಿಲು, ಮೇಣದಲ್ಲಿ ಕೂರಿಸಿರುತ್ತಾರೆ, ತಂತಿ ಎಳೆಯಲು ಜಾಗ ಇದೆ. ಗಿಟಾರಿನಲ್ಲಿ ತಂತಿ ಬಿಗಿ, ಮೆಟ್ಟಿಲು ಹತ್ತಿರ. ಗುರುಪೂರ್ಣಿಮೆಗೆ ಕೈವಾರದ ಸಂಗೀತೋತ್ಸವಕ್ಕೆ ಬಂದು ಒಂದು ವೀಣೆ ಕೇಳಿ, ಆಮೇಲೆ ಮಾತಾಡೋಣ.

ಮೈನಸ್_ಒನ್:
ಮೇಷ್ಟ್ರೇ, ಮ್ಯಾಂಡೊಲಿನ್ ಇನ್ನೂ ಚಿಕ್ಕದು, ಅದರಲ್ಲೇ ಯು. ಶ್ರೀನಿವಾಸ್ ಇಡೀ ಕರ್ನಾಟಕ ಸಂಗೀತ ನುಡಿಸಿಬಿಟ್ರಲ್ಲ? ನಾಲ್ಕು ಜೋಡಿ ತಂತಿ ತೆಗೆದು ಐದು ಒಂಟಿ ತಂತಿ ಹಾಕ್ಕೊಂಡು, ಎಲೆಕ್ಟ್ರಿಕ್‌ನಲ್ಲಿ. ಗಿಟಾರಲ್ಲೇ ಬೇಕು ಅಂದ್ರೆ ಪ್ರಸನ್ನ ಇದ್ದಾರೆ. ಹಿಂದೂಸ್ತಾನಿ ಕಡೆ ಬ್ರಿಜ್‌ಭೂಷಣ್ ಕಾಬ್ರಾ, ವಿಶ್ವಮೋಹನ ಭಟ್ಟರು ಗಿಟಾರನ್ನ ಮಲಗಿಸಿಕೊಂಡು ಉಕ್ಕಿನ ಕಡ್ಡಿ ಜಾರಿಸಿ ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರೋದು) ತೆಗೆದ್ರು. ಭಟ್ಟರಿಗೆ 1994ರಲ್ಲಿ ಗ್ರ್ಯಾಮಿನೂ ಬಂತು. ಪಿಟೀಲು ಕೂಡ ಹೊರಗಿಂದ ಬಂದಿದ್ದೇ ಅಲ್ವಾ? ಬಾಲುಸ್ವಾಮಿ ದೀಕ್ಷಿತರು ಕಲಿತು ತರೋವರೆಗೆ ಕಚೇರಿಯಲ್ಲಿ ಎಲ್ಲಿತ್ತು?

ಚಿಂತಾಮಣಿ_ಮೇಷ್ಟ್ರು:
ಪಿಟೀಲಿಗೆ ಮೆಟ್ಟಿಲಿಲ್ಲಪ್ಪ! ಅದೇ ವ್ಯತ್ಯಾಸ. ಚೌಡಯ್ಯನವರು ಏಳು ತಂತಿ ಹಾಕಿಕೊಂಡರು, ಹತ್ತು ಹಾಕಿಕೊಂಡಿದ್ದರೂ ಗಮಕಕ್ಕೆ ಅಡ್ಡಿ ಇರಲಿಲ್ಲ. ಶ್ರೀನಿವಾಸ್ ಅಪವಾದ. ಅಂಥವರು ನೂರು ವರ್ಷಕ್ಕೊಬ್ಬರು, ಅವರನ್ನು ತೋರಿಸಿ ವಾದ್ಯವನ್ನು ಸಮರ್ಥಿಸಬೇಡಿ.

ಗುಬ್ಬಿ_ಗೌರಿ:
ಮೇಷ್ಟ್ರೇ, ಗಮಕ ಬರಲ್ಲ ಅಂತಾನೇ ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ನಿಲ್ಲಿಸ್ತು, 1971ರವರೆಗೆ ಒಳಗೆ ಬಿಡ್ಲಿಲ್ಲ. ಆ ಮೂವತ್ತು ವರ್ಷ ನಮ್ಮ ಊರಿನ ನಾಟಕ ಕಂಪನಿ ಯಾವುದರ ಮೇಲೆ ನಡೀತು? ಗುಬ್ಬಿ ವೀರಣ್ಣನವರ ರಂಗಗೀತೆಗೆ ಹಾರ್ಮೋನಿಯಂ ಇಲ್ಲದೆ ಇದ್ರೆ ಏನಿತ್ತು? ಜನ ತಲೆದೂಗಿದ್ರು. ವಾದ್ಯದ ಜಾತಿ ಕೇಳಿ ಯಾರೂ ತಲೆದೂಗಲ್ಲ.

ಈಗ ಹಿಂದಿನ ಸಾಲು ಅವರಿಗೆ. ನಾನು ಹಾಡ್ತಿದ್ದೋಳು. ಯುಗಳಗೀತೆಗೆ ಹೆಣ್ಣು ದನಿ ಬೇಕು ಅಂತ ಮೂರ್ನಾಲ್ಕು ತಂಡದೋರು ಕರ್ಕೊಂಡು ಹೋಗ್ತಿದ್ರು. ನಿಮ್ಮ ತಂಡದಲ್ಲೂ ಹಾಡಿದ್ದೀನೋ ಏನೋ, ಗೊತ್ತಿಲ್ಲ. ವೇದಿಕೆ ಅಂದ್ರೆ ಡ್ರಮ್ಮಿನ ಮೇಲೆ ಹಲಗೆ, ನಮ್ಮ ಕಡೆ ತಿರುಗಿದ ಸ್ಪೀಕರ್ ಒಂದೂ ಇರ್ತಿರ್ಲಿಲ್ಲ. ಎಲ್ಲಾ ಜನರ ಕಡೆಗೇ. ನಮ್ಮ ದನಿ ನಮಗೇ ಅರ್ಧ ಸೆಕೆಂಡ್ ತಡವಾಗಿ ಎದುರಿನ ಬಿಲ್ಡಿಂಗಿಂದ ಬಂದು ಬಡಿಯೋದು. ಅದನ್ನ ಕೇಳ್ಕೊಂಡು ಹಾಡಿದ್ರೆ ತಾಳ ತಪ್ಪೋದೇ. ಅದಕ್ಕೆ ನಾನು ಕಿವಿ ಬಿಟ್ಟು ಕಣ್ಣು ಹಿಡ್ಕೊಂಡೆ. ರಿದಂ ಗಿಟಾರ್‌ನೋನ ಎಡಗೈ. ಕೈ ಕುತ್ತಿಗೆಯಲ್ಲಿ ಕೆಳಗೆ ಜಾರಿದ್ರೆ ಬಿಜಿಎಂ ಮುಗೀತಾ ಬಂತು, ವಾಪಸ್ ಮೇಲೆ ಬಂದ್ರೆ ಚರಣ ಎತ್ಕೋಬೇಕು. ಕೀಬೋರ್ಡ್‌ನೋನು ಪೆಟ್ಟಿಗೆ ಹಿಂದೆ ಇರೋದ್ರಿಂದ ಅವನ ಕೈ ಕಾಣ್ತಿರ್ಲಿಲ್ಲ, ಡೋಲಕ್‌ನೋನ ಕೈ ಯಾವಾಗ್ಲೂ ಓಡ್ತಾನೇ ಇರತ್ತೆ.

ಹಾಡು ನಾನು ಕೇಳೇ ಇಲ್ಲ ಅಂದ್ರಲ್ಲ. ನಾನೂ ಕೇಳಿಲ್ಲ. ನೋಡಿದ್ದೀನಿ. ಇವತ್ತು ಆ ಹಾಡುಗಳು ಬಂದ್ರೆ ಸಾಹಿತ್ಯ ಎಲ್ಲಾ ಬರತ್ತೆ, ಜೊತೆಗೆ ಟ್ಯೂಬ್‌ಲೈಟ್ ಬೆಳಕಲ್ಲಿ ಹುಳ ಕೂತಿರೋ ಒಂದು ಗಿಟಾರ್ ಕುತ್ತಿಗೆ ಕಾಣತ್ತೆ. ಮುಖ ಕಾಣಲ್ಲ, ಯಾವಾಗ್ಲೂ ತಗ್ಗಿಸಿರ್ತಿದ್ರು.

ಹಿಂದಿನ_ಸಾಲು:
ಗೌರಮ್ಮ, ಇದಕ್ಕೆ ಏನು ಬರೀಬೇಕೋ ತೋಚ್ತಿಲ್ಲ. ನಮ್ಮ ಕೈ ಯಾರೋ ನೋಡ್ತಿದ್ರು ಅಂತ ಅವತ್ತೇ ಗೊತ್ತಿದ್ರೆ ಉಗುರಾದ್ರೂ ಕತ್ತರಿಸಿಕೊಂಡು ಬರ್ತಿದ್ದೆ. ಹುಳ ನಿಜ. ಮಳೆ ಬಂದು ನಿಂತ ರಾತ್ರಿ ತಂತಿ ಮೇಲೆ ಈಸುಳ್ಳಿ ಕೂತು, ಬೆರಳು ಜಾರಿಸಿದ್ರೆ ರೆಕ್ಕೆ ಅಂಟ್ಕೊಳ್ಳೋದು. ನವೆಂಬರ್ ರಾಜ್ಯೋತ್ಸವದಲ್ಲಿ ಮಂಜಿಗೆ ಶ್ರುತಿ ನಿಲ್ತಿರ್ಲಿಲ್ಲ, ಹಾಡಿಗೊಂದ್ಸಲ ಕಿವಿ ತಿರುವೋದು.

ನಿಮ್ಮ ಪೋಸ್ಟ್ ಓದಿ ಹಳೇ ನೋಟ್‌ಬುಕ್ ತೆಗೆದೆ. ಇನ್ನೂರು ಪೇಜಿನ ಲಾಂಗ್‌ಬುಕ್, ಬೆನ್ನಿಗೆ ಮೆಡಿಕಲ್ ಪ್ಲಾಸ್ಟರ್. ಎಡಗಡೆ ಕಾರ್ಡ್ಸ್, ಬಲಗಡೆ ಗುರುತು. "ಹೆಣ್ಣು ದನಿ ಆದ್ರೆ ಕ್ಯಾಪೋ 3." (ಕ್ಯಾಪೋ ಅಂದ್ರೆ ಶ್ರುತಿ ಏರಿಸೋಕೆ ಕುತ್ತಿಗೆಗೆ ಹಾಕೋ ಕ್ಲಿಪ್ಪು.) "2ನೇ ಬಿಟ್‌ನಲ್ಲಿ ಲೀಡ್ ಓಡ್ತಾನೆ, ಹಿಂದೆ ಓಡಬೇಡ." "ಎಂಎಲ್ಎ ಬಂದ್ರೆ ನಿಲ್ಲಿಸು, ಮತ್ತೆ ಪಲ್ಲವಿಯಿಂದ." ಹಾಡಿನ ಹೆಸರು ಇರೋ ಪೇಜು ಕಮ್ಮಿ. ಜಾಸ್ತಿ "ಆ ಮಳೆ ಹಾಡು", "ಬೈಕ್ ಹಾಡು", "ಅಳೋದು" ಅಂತ ಬರೆದಿದ್ದೀನಿ.

ಕೀಬೋರ್ಡ್_ಕಿಟ್ಟಿ:
"ಎಂಎಲ್ಎ ಬಂದ್ರೆ ನಿಲ್ಲಿಸು" 😂 ನಮ್ಮ ಬುಕ್ಕಲ್ಲೂ ಇತ್ತು ಇದು. ಅಣ್ಣ ಆ ಬುಕ್ಕಿನ ಫೋಟೊ ಹಾಕಿ, ದಯವಿಟ್ಟು. ನಾನು ಡೋಲಕ್ ಅಂದಿದ್ದು ವಾಪಸ್ ತಗೋತೀನಿ.

ಬೈಪಾಸ್_ಬಾಬು:
ಈಗ ಎಲ್ಲಿದೆ ರಸಮಂಜರಿ? ನಮ್ಮ ಏರಿಯಾ ಗಣೇಶಂಗೆ ಹೋದ ವರ್ಷ ಕರೆಸಿದ್ವಿ. ಹಾಡೋರು ಇಬ್ಬರು, ಒಂದು ಲ್ಯಾಪ್‌ಟಾಪ್, ಎರಡು ಮೈಕು. ಟ್ರ್ಯಾಕ್ ಹಾಕ್ಕೊಂಡು ಹಾಡಿ ಹೋದ್ರು. ಅದೂ ಹತ್ತು ಗಂಟೆಗೆ ಪೊಲೀಸಿನೋರು ಬಂದ್ರು. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕಂಗಿಲ್ಲ. ಸರ್ಕಾರ ಬೇಕಂದ್ರೆ ವರ್ಷಕ್ಕೆ 15 ದಿನದವರೆಗೆ ಹನ್ನೆರಡರ ತನಕ ಬಿಡಬಹುದು ಅಷ್ಟೇ.

ಮೈನಸ್_ಒನ್:
ಟ್ರ್ಯಾಕ್ ಹಾಕ್ಕೊಂಡು ಹಾಡೋದ್ರಲ್ಲಿ ತಪ್ಪೇನಿದೆ? ನಾನೂ ಹಾಡ್ತೀನಿ, ನನ್ನ ಹೆಸರೇ ಅದು, ಮೈನಸ್ ಒನ್ ಅಂದ್ರೆ ದನಿ ತೆಗೆದ ಟ್ರ್ಯಾಕ್. ಎಂಟು ಜನರ ತಂಡಕ್ಕೆ ಕೊಡೋ ದುಡ್ಡು ಕಮಿಟಿ ಹತ್ರ ಎಲ್ಲಿದೆ?

ಬೈಪಾಸ್_ಬಾಬು:
ಡಿಜೆಗೆ ಇದೆಯಲ್ಲ.

ಗುಬ್ಬಿ_ಗೌರಿ:
ತಪ್ಪೇನಿಲ್ಲ ಮರಿ. ಆದ್ರೆ ಟ್ರ್ಯಾಕ್ ನಿನಗೋಸ್ಕರ ಕಾಯಲ್ಲ. ನನಗೆ ಒಂದ್ಸಲ ಕೆಮ್ಮು ಬಂದು ಚರಣ ತಡವಾಯ್ತು. ತಂಡದೋರು ಅದೇ ಕಾರ್ಡ್ ಮೇಲೆ ಸುತ್ತು ಹೊಡೀತಾ ನಿಂತ್ರು, ನಾನು ನೀರು ಕುಡಿದು ಬಂದೆ. ಜನಕ್ಕೆ ಅದು ಹಾಡಲ್ಲೇ ಇದೆ ಅನ್ನಿಸ್ತು.

ರಾಬರ್ಟ್‌ಸನ್‌ಪೇಟೆ:
ಒಪ್ಪಿದೆ. ಸಿನಿಮಾದ ವಿಚಾರಕ್ಕೂ ಒಂದು ಮಾತು. ಇಳಯರಾಜಾ ಕೂಡ ಮೊದಲು ಗಿಟಾರ್ ನುಡಿಸ್ತಿದ್ದೋರೇ, ಜಿ.ಕೆ. ವೆಂಕಟೇಶ್ ಅವರ ಹತ್ರ ಸಹಾಯಕರಾಗಿ ಎಷ್ಟೋ ಕನ್ನಡ ಚಿತ್ರಕ್ಕೆ ಕೆಲಸ ಮಾಡಿದ್ರು. ಹಿಂದಿನ ಸಾಲಲ್ಲಿ ನಿಂತೋರಿಗೆ ಹಾಡಿನ ಗುಟ್ಟು ಚೆನ್ನಾಗಿ ಗೊತ್ತಿರತ್ತೆ ಅಂತ ನಾನು ಅನ್ನೋದು ಅದಕ್ಕೇ.

ಚಿಂತಾಮಣಿ_ಮೇಷ್ಟ್ರು:
ಇದಕ್ಕೆ ತಕರಾರಿಲ್ಲ.

ಶಿರಾಗೇಟ್_ಸೀನ:
ಮೇಷ್ಟ್ರಿಗೆ ತಕರಾರಿಲ್ಲ! ಯಾರಾದ್ರೂ ಸ್ಕ್ರೀನ್‌ಶಾಟ್ ತಗೊಳ್ಳಿ.

ತಿಪಟೂರು_ತಂತಿ:
@ಹಿಂದಿನ_ಸಾಲು ಅಣ್ಣ, ಭಾನುವಾರ ನಾನು ತುಮಕೂರಿಗೆ ಬರ್ತಿದ್ದೀನಿ, ಕ್ಯಾತ್ಸಂದ್ರದಲ್ಲಿ ನಮ್ಮ ಅಕ್ಕನ ಮನೆ. ಗಿಟಾರ್ ತಗೊಂಡ್ಬನ್ನಿ, ಕ್ಲ್ಯಾಂಪು ಅಂಟು ನಾನು ತರ್ತೀನಿ. ನಮ್ಮಪ್ಪ ಬಡಗಿ, ಅವರ ಉಳಿ ಇನ್ನೂ ಇದೆ. ದುಡ್ಡು ಬೇಡ, ತಟ್ಟೆ ಇಡ್ಲಿ ಕೊಡ್ಸಿ ಸಾಕು.

ಹಿಂದಿನ_ಸಾಲು:
ಖಂಡಿತ ಬರ್ತೀನಪ್ಪ. ಬೆಳಿಗ್ಗೆ ಎಂಟಕ್ಕೆ ಬಾ, ಆಮೇಲೆ ಬೆಣ್ಣೆ ಖಾಲಿಯಾಗತ್ತೆ. ಕೀಬೋರ್ಡ್ ಕಿಟ್ಟಿ, ನೀವೂ ಬನ್ನಿ, ಪೆಟ್ಟಿಗೆ ಬಿಟ್ಟು.

ಮುಳಬಾಗಿಲು_ದೋಸೆ:
ತಟ್ಟೆ ಇಡ್ಲಿಗೆ ಇಷ್ಟು ಆಡ್ತೀರಲ್ಲ, ಒಂದ್ಸಲ ನಮ್ಮೂರ ದೋಸೆ ತಿನ್ರಪ್ಪ.

ಶಿರಾಗೇಟ್_ಸೀನ:
ಯಾರಪ್ಪ ಇವನು, ಇಷ್ಟೊತ್ತು ಎಲ್ಲಿದ್ದ? ಗಿಟಾರ್ ಬರತ್ತಾ ನಿನಗೆ?

ಮುಳಬಾಗಿಲು_ದೋಸೆ:
ಬರಲ್ಲ. ದೋಸೆ ಬರತ್ತೆ.